ಅಳಿಸದೆ ಉಳಿದ ಸಾಲು

ಕಂಪನಿಗಳ ದಾಖಲೆಗಳನ್ನು ಸಂಶೋಧಕರಿಗೆ ತಲುಪಿಸುವ ಅಧಿಕಾರಿ ಆಕೆಯನ್ನು ಮೊದಲು ಕಂಡದ್ದು ತಮ್ಮ ಕಚೇರಿಯ ಕಿಟಕಿಯಿಲ್ಲದ ಸಭಾಕೋಣೆಯಲ್ಲಿ. ಸಾಫ್ಟ್‌ವೇರ್ ಕಂಪನಿಯಲ್ಲಿ ದೋಷ ಹುಡುಕುವ ಆಕೆಗೆ ಅಲ್ಲಿನವರು ಇಟ್ಟ ಹೆಸರು ಜರಡಿಯಕ್ಕ. ವಿಶ್ವವಿದ್ಯಾಲಯದ ಸಂಶೋಧನೆಗೆಂದು ತಂದ ದೋಷಗಳ ಕಡತವನ್ನು ಮೇಜಿನ ಮೇಲಿಟ್ಟರೂ ಆಕೆ ಕೈ ತೆಗೆಯಲಿಲ್ಲ.

"ಹೆಸರೆಲ್ಲ ಅಳಿಸಿ ಕಳಿಸಿ ಸರ್. ಇದನ್ನ ಕೊಡೋಕೆ ನಮ್ಮ ಸಾಹೇಬ್ರನ್ನ ಒಪ್ಪಿಸೋಕೆ ಎರಡು ವರ್ಷ ಹಿಡೀತು."

"ನಾನೇ ನೋಡ್ತೀನಿ ಬಿಡಮ್ಮ."

ಕಡತದ ವರದಿಯಲ್ಲಿದ್ದ ಹೆಸರುಗಳನ್ನು ಅವರು ಅಳಿಸಿದರು. ಜೊತೆಗಿದ್ದ ಕೋಡ್‌ನ ನಡುವೆ ಅದನ್ನು ಬರೆದವರು ಸೇರಿಸಿದ್ದ ಟಿಪ್ಪಣಿಗಳತ್ತ ಕಣ್ಣು ಹಾಯಿಸಲಿಲ್ಲ. ಸಮ್ಮೇಳನದಲ್ಲಿ ಪ್ರಾಧ್ಯಾಪಕರು ಆ ಕೋಡನ್ನೇ ತೆರೆಯ ಮೇಲೆ ತೋರಿಸಿದಾಗ ನಡುವಿನ ಸಾಲೊಂದನ್ನು ಎಲ್ಲರೂ ಓದಿದರು: 'ಜರಡಿಯಕ್ಕ ಬೇಡವೆಂದರೂ ಸಾಹೇಬರ ಅವಸರಕ್ಕೆ ದೋಷ ತಿದ್ದದೆ ಬಿಟ್ಟದ್ದು.' ಸಭೆ ಗೊಳ್ಳೆಂದು ನಕ್ಕಿತು. ಅಲ್ಲೇ ಕೂತಿದ್ದ ಆಕೆಯ ಸಾಹೇಬರು ಎದ್ದು ಹೊರನಡೆದರು. ಅಧಿಕಾರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಟಿಪ್ಪಣಿಗಳನ್ನ ನೋಡ್ಲಿಲ್ಲಮ್ಮ," ಎಂದರು ಆಕೆಯ ಮುಂದೆ ತಲೆತಗ್ಗಿಸಿ.

"ನೋಡ್ತೀನಿ ಅಂದಿದ್ರಿ ಸರ್."

ಆ ಕಂಪನಿ ಮತ್ತೆ ಒಂದು ಹಾಳೆಯನ್ನೂ ಕೊಡಲಿಲ್ಲ. ಈಗ ಅಧಿಕಾರಿ ಉಳಿದ ಕಂಪನಿಗಳ ಕೋಡನ್ನು ಸಾಲುಸಾಲಾಗಿ ಓದಿಯೇ ಮುಂದೆ ಕಳಿಸುತ್ತಾರೆ.