ಎರಡನೆಯ ಪ್ರತಿ ಯಾರ ಮನೆಯಲ್ಲಿ?

ಅಮೆರಿಕದ ಫಾರ್ಗೋ ಊರಿನ ನಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಹಾರ್ಡ್ ಡಿಸ್ಕು, ಮೆಮೊರಿ ಕಾರ್ಡುಗಳ ಗೋಡೆಯ ಮುಂದೆ ಹನ್ನೊಂದು ವರ್ಷ ನಿಂತವಳು ಮಾರ್ಲೀನ್ ಹೌಗೆನ್. ನಾನು ಪಕ್ಕದ ಪ್ರಿಂಟರ್ ಸಾಲಿನವನು. ಕೂರಲು ಒಂದು ಸ್ಟೂಲಿತ್ತು. ಗಿರಾಕಿಗಳ ಕಣ್ಣಿಗೆ ಸೋಮಾರಿಗಳಂತೆ ಕಾಣಬಾರದೆಂದು ಮ್ಯಾನೇಜರ್ ಬ್ರೆಂಟ್ ಅದನ್ನು ಪೆಟ್ಟಿಗೆಗಳ ಹಿಂದೆ ತಳ್ಳಿದ್ದ. ಅರವತ್ತೆರಡರ ಹೆಂಗಸಿನ ಮಂಡಿನೋವು ಅವನಿಗೆಲ್ಲಿ ಕಾಣಬೇಕು? ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಯಾರೇ ಬಂದು ಒಳ್ಳೆಯ ಡ್ರೈವ್ ಯಾವುದೆಂದರೂ ಮಾರ್ಲೀನ್ ಮೂರು ಪ್ರಶ್ನೆ ಕೇಳುತ್ತಿದ್ದಳು. ಒಳಗೆ ಏನು ತುಂಬುತ್ತೀರಿ? ಕಂಪ್ಯೂಟರಿನಲ್ಲಿ ಅದನ್ನು ಸಿಕ್ಕಿಸುವ ಪೋರ್ಟ್ ಎಂಥದ್ದು? ಎರಡನೆಯ ಪ್ರತಿ ಯಾರ ಮನೆಯಲ್ಲಿ? ಕೊನೆಯದು ಅವಳ ಹಳೆಯ ಗಾಯ. ಹಿಂದೆ ಮದುವೆಗಳ ಫೋಟೋ ತೆಗೆಯುತ್ತಿದ್ದಳು. ಎಲ್ಲವನ್ನೂ ಎರಡೆರಡು ಡ್ರೈವಿಗೆ ತುಂಬಿ, ಸುಂಟರಗಾಳಿ ಬಂದರೂ ಭದ್ರವಾಗಿರಲಿ ಎಂದು ನಮ್ಮೂರಿನವರೆಲ್ಲರ ಹಾಗೆ ಎರಡನ್ನೂ ನೆಲಮಾಳಿಗೆಯಲ್ಲೇ ಇಟ್ಟಳು. ಒಂದು ಏಪ್ರಿಲ್‌ನಲ್ಲಿ ಹಿಮ ಕರಗುವಾಗ ನೀರೆತ್ತುವ ಪಂಪು ಕೈಕೊಟ್ಟಿತು. ಹದಿನಾಲ್ಕು ವರ್ಷದ ಮದುವೆಗಳು ನೀರುಪಾಲು. ಕ್ಯಾಮೆರಾ ಮಾರಿ ಇಲ್ಲಿಗೆ ಬಂದಳು.

ನವೆಂಬರಿನ ಒಂದು ಶನಿವಾರ, ಅವಳ ಪಾಳಿ ಮುಗಿಯಲು ಅರ್ಧ ಗಂಟೆ ಇತ್ತು. ಆರಿನ್ ಟ್ವೆಟನ್ ಎಂಬ ಮುದುಕ ಬಂದ. ಮಾತ್ರೆ ಡಬ್ಬಿಯೊಳಗೊಂದು ಮೆಮೊರಿ ಕಾರ್ಡು. ಬೇಟೆಗೆ ಮುಂಚೆ ಜಿಂಕೆಗಳ ಓಡಾಟ ನೋಡಲು ಮರಕ್ಕೆ ಕಟ್ಟಿದ ಕ್ಯಾಮೆರಾದ್ದು.

"ಇದರಲ್ಲಿ ನನ್ನ ಹೆಂಡ್ತಿ ಅಡೀಲ್ ಇದಾಳಮ್ಮಾ. ತೀರಿಕೊಂಡು ವರ್ಷ ಆಯ್ತು. ಕಂಪ್ಯೂಟರ್‌ಗೆ ಹಾಕಿದ್ರೆ ಫಾರ್ಮ್ಯಾಟ್ ಮಾಡ್ಲಾ ಅನ್ನುತ್ತೆ."

"ಒತ್ತಿಲ್ಲ ತಾನೇ? ಎಲ್ಲಾ ಅಳಿಸಿಹೋಗುತ್ತೆ."

"ಹೆದರಿ ಕಿತ್ತುಬಿಟ್ಟೆ."

"ಬಚಾವಾದ್ರಿ ಯಜಮಾನ್ರೇ. ನಿಮ್ಮ ಹಳೇ ಕಾರ್ಡ್ ರೀಡರ್‌ಗೆ ಇಷ್ಟು ದೊಡ್ಡ ಕಾರ್ಡು ಓದಕ್ಕೆ ಬರಲ್ಲ, ಅಷ್ಟೆ."

ತನ್ನ ರೀಡರಿಗೆ ಹಾಕಿದಳು. ತೆರೆಯ ಮೇಲೆ ಕಿತ್ತಳೆ ಟೋಪಿಯ ಹೆಂಗಸೊಬ್ಬಳು ಮುಖ ಮುಂದೆ ಚಾಚಿ, "ಆರಿನ್ ಬರ್ತಿದಾನೆ, ಓಡ್ರೇ ಜಿಂಕೆಗಳಾ!" ಎಂದು ನಕ್ಕಳು. ಮುದುಕ ಗೋಡೆಯತ್ತ ತಿರುಗಿ ನಿಂತ.

ಎರಡು ಡ್ರೈವಿಗೆ ಪ್ರತಿ ಮಾಡುವಾಗ ಬ್ರೆಂಟ್ ಬಂದ. "ಎಕ್ಸ್ಟ್ರಾ ವಾರಂಟಿ ತಗೊಳ್ಳೋಕೆ ಹೇಳಿದ್ರಾ ಮಾರ್ಲೀನ್?"

"ಡ್ರೈವ್ ಕೆಟ್ರೆ ಹೊಸ ಡ್ರೈವ್ ಕೊಡ್ತೀಯ. ಅಡೀಲ್‌ನ ಕೊಡ್ತೀಯಾ?"

ಅವನು ಜಾಗ ಖಾಲಿ ಮಾಡಿದ. ಅವಳು ಆಕಳಿಸುತ್ತ ಕೇಳಿದಳು, "ಎರಡನೇದು ಯಾರ ಮನೇಲಿ?"

"ಎರಡೂ ನನ್ನ ಮನೇಲೇ. ಮಗಳು ಮೂರ್‌ಹೆಡ್‌ನಲ್ಲಿದಾಳೆ, ನದಿ ದಾಟಿದ್ರೆ ಹತ್ತು ನಿಮಿಷ. ಅವಳಮ್ಮನ್ನ ಮಣ್ಣು ಮಾಡಿದ ದಿನದಿಂದ ಮಾತಿಲ್ಲ."

"ಮಾತಾಡಿ ಅಂತ ನಾನಂದ್ನಾ? ಡ್ರೈವ್ ಇಟ್ಟು ಬನ್ನಿ."

ಹತ್ತು ದಿನ ಬಿಟ್ಟು ಮತ್ತೆ ಬಂದ. ಡ್ರೈವ್ ವಾಪಸ್ ಕೊಡಲು ಬಂದನೆಂದೇ ನಾನಂದುಕೊಂಡೆ.

"ಮಗಳು ಬಾಗಿಲು ತೆಗೀಲಿಲ್ಲ. ಟಪಾಲು ಡಬ್ಬದಲ್ಲಿಟ್ಟು, ಅಮ್ಮ ಇದಾಳೆ ಅಂತ ಚೀಟಿ ಬರೆದೆ. ನಿನ್ನೆ ಫೋನ್ ಮಾಡಿದ್ಲು. ಅವಳ ಹೊಸ ಲ್ಯಾಪ್‌ಟಾಪ್‌ಗೆ ಇದರ ಪಿನ್ ಹಿಡಿಯಲ್ವಂತೆ."

ಮಾರ್ಲೀನಳ ಮುಖ ಸಪ್ಪಗಾಯಿತು. ಹನ್ನೊಂದು ವರ್ಷದಲ್ಲಿ ಪೋರ್ಟಿನ ಪ್ರಶ್ನೆ ಒಮ್ಮೆಯೂ ಬಿಟ್ಟವಳಲ್ಲ. ಆವತ್ತು ಮಾತ್ರ ಮಗಳ ಕಂಪ್ಯೂಟರಿನ ಬಗ್ಗೆ ಕೇಳಲೇ ಇಲ್ಲ.

"ನನ್ನ ತಪ್ಪು ಯಜಮಾನ್ರೇ. ಆವತ್ತು ಸುಸ್ತಾಗಿತ್ತು, ಮರ್ತೇಬಿಟ್ಟೆ."

"ಮರ್ತಿದ್ದೇ ಒಳ್ಳೇದಾಯ್ತು ತಾಯಿ. ಸರಿಯಾಗಿ ಹಿಡಿದಿದ್ರೆ ಅವಳು ಫೋನೇ ಮಾಡ್ತಿರ್ಲಿಲ್ಲ. ಬೇಗ ಒಂದು ಅಡಾಪ್ಟರ್ ಕೊಡಿ, ಹೊರಗೆ ಕಾರಲ್ಲಿ ಕಾಯ್ತಿದಾಳೆ."

ಅವನು ಹೋದ ಮೇಲೆ ಮಾರ್ಲೀನ್ ಪೆಟ್ಟಿಗೆಗಳ ಹಿಂದಿನ ಸ್ಟೂಲನ್ನು ಎಳೆದು ಕೂತಳು. ಬ್ರೆಂಟ್ ನೋಡಿ, ಬೇರೆ ಸಾಲಿನತ್ತ ನಡೆದ.