ಪಂಕಜಮ್ಮ ಮೇಡಂ ಹೇಳಿದ ಹಿಂದಿ

ಟೀವಿಯಲ್ಲಿ ಯಾರಾದರೂ ಹಿಂದಿ ಮಾತಾಡಿದರೆ ಪಂಕಜಮ್ಮ ಮೇಡಂ ಮೊದಲು ಬಲಗೈ ತೋರುಬೆರಳು ಎತ್ತುತ್ತಿದ್ದರು. ‘ತಾಳಿ’ ಎಂದು ಅದರ ಅರ್ಥ. ಮಾತು ಪೂರ್ತಿ ಮುಗಿದ ಮೇಲೆ ಬೆರಳು ಇಳಿಸಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅಲ್ಲಿಯವರೆಗೆ ನಲವತ್ತು ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು.

ಎಂಬತ್ತರ ದಶಕದ ಕೊನೆ. ಯಳಂದೂರಿಗೆ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿಗೆ ನಾನು ಗಣಿತದ ಮೇಡಂ ಆಗಿ ಹೊಸದಾಗಿ ಹೋಗಿದ್ದೆ. ಪಂಕಜಮ್ಮ ಅಲ್ಲಿ ಹಿಂದಿ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಪಾರ್ಶ್ವವಾಯು ಬಡಿದು ಮಲಗಿದ್ದ ತಾಯಿಯನ್ನು ನೋಡಿಕೊಂಡು ಬಾಡಿಗೆ ಮನೆಯೊಂದರಲ್ಲಿದ್ದರು. ಅದೇ ಮನೆಯ ಮುಂದಿನ ಕೋಣೆ ನನ್ನದಾಯಿತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ತರಗತಿಯಲ್ಲಿ ಯಾರಾದರೂ ಅನುವಾದ ಮಾಡುವಾಗ ಒಂದು ಪದ ಹಾರಿಸಿದರೆ, “ಅದು ನಿನ್ನ ಪದ ಅಲ್ಲ ಕಣಪ್ಪ, ಬರೆದೋನ್ದು. ಬಿಡಕ್ಕೆ ನೀನ್ಯಾರು?” ಎನ್ನುತ್ತಿದ್ದರು. ಜೋರು ಮಾಡುತ್ತಿರಲಿಲ್ಲ. ಆದರೆ ಆ ಪದ ಬರುವವರೆಗೂ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ.

ಊರಿಗೆಲ್ಲ ಇದ್ದದ್ದು ಒಂದೇ ಟೀವಿ, ಮುಖಂಡ ಪುಟ್ಟಮಾದಪ್ಪನವರ ಪಡಸಾಲೆಯಲ್ಲಿ. ಭಾನುವಾರ ಬೆಳಿಗ್ಗೆ ದಿಲ್ಲಿಯಿಂದ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಒಬ್ಬ ಮಂತ್ರಿ, ಅವನ ಕಾರ್ಯದರ್ಶಿ, ವಾರಕ್ಕೊಂದು ಫಜೀತಿ. ಊರಿನವರಿಗೆ ಹಿಂದಿ ಬರದು. ಹಾಗಾಗಿ ಅಕ್ಕನಿಗೆ ಟೀವಿಯ ಪಕ್ಕದಲ್ಲೇ ಒಂದು ಕುರ್ಚಿ. ತಾಯಿಗೆ ಸ್ನಾನ ಮಾಡಿಸಿ, ರಾಗಿ ಗಂಜಿ ಕುಡಿಸಿ, ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು.

ಆ ವರ್ಷ ವರ್ಗಾವಣೆ ಪಟ್ಟಿ ಸಿದ್ಧವಾಗುತ್ತಿದೆ, ಅಕ್ಕನನ್ನು ಗೋಪಿನಾಥಂ ಕಡೆಗೆ ಹಾಕುತ್ತಾರೆ ಎಂದು ಸುದ್ದಿ ಬಂತು. ಅಲ್ಲಿಗೆ ಬಸ್ಸೇ ಅಪರೂಪ. ತಿಂಗಳಿಗೊಮ್ಮೆ ತಾಯಿಯನ್ನು ಕೊಳ್ಳೇಗಾಲದ ಡಾಕ್ಟರಿಗೆ ತೋರಿಸುವುದು ಹೇಗೆ? ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಪುಟ್ಟಮಾದಪ್ಪನವರ ಬಳಿ ಹೋಗಿ ಹೇಳಿಕೊಂಡರು. “ನೋಡಾನ ಬುಡಿ ಮೇಡಮ್ಮೋರೆ” ಎಂದಷ್ಟೇ ಹೇಳಿ ಕಳಿಸಿದ್ದರು ಅವರು.

ಅದಾದ ಮೂರನೇ ದಿನವೇ ಭಾನುವಾರ. ಅವತ್ತಿನ ಕಂತಿನಲ್ಲಿ ಮಂತ್ರಿ ಸೇತುವೆಯೊಂದಕ್ಕೆ ಶಂಕುಸ್ಥಾಪನೆ ಮಾಡಲು ಹೊಳೆದಂಡೆಗೆ ಬಂದಿದ್ದ. ನಾನು ಆಗಲೇ ಅಕ್ಕನ ಮುಖ ನೋಡಿದೆ. ನಮ್ಮೂರ ಹಳ್ಳಕ್ಕೂ ಪುಟ್ಟಮಾದಪ್ಪನವರು ಒಂದು ಚುನಾವಣೆಗೆ ಒಂದರಂತೆ ಕಲ್ಲು ಹಾಕಿಸಿದ್ದರು. ಮಕ್ಕಳು ಮಾತ್ರ ಈಗಲೂ ಚಡ್ಡಿ ಮೇಲೆತ್ತಿಕೊಂಡು ನೀರು ದಾಟಿಯೇ ಶಾಲೆಗೆ ಬರುತ್ತಿದ್ದರು.

ಟೀವಿಯಲ್ಲಿ ಕಾರ್ಯದರ್ಶಿ ಮಂತ್ರಿಯ ಕಿವಿಯಲ್ಲಿ ಏನೋ ಉಸುರಿದ. ಮಂತ್ರಿ ಗತ್ತಿನಿಂದ ಉತ್ತರ ಕೊಟ್ಟ. ಅಕ್ಕನ ಬೆರಳು ಮೇಲಿತ್ತು, ಇಳಿಯಲಿಲ್ಲ. ಕಲ್ಲಿನ ಮಾತೇ ಇರಬೇಕೆಂದು ಊಹಿಸಿ ನಾನು ಅವರ ಸೆರಗು ಜಗ್ಗಿದೆ. “ಬೇಡ ಅಕ್ಕ, ಬೇರೆ ಏನಾದ್ರೂ ಹೇಳ್ಬಿಡಿ” ಎಂದು ಪಿಸುಗುಟ್ಟಿದೆ.

“ಏನಂದ ಮೇಡಮ್ಮೋರೆ ಅವ?” ಮುಂದಿನ ಕುರ್ಚಿಯಿಂದ ಪುಟ್ಟಮಾದಪ್ಪನವರೇ ಕೇಳಿದರು.

ಅಕ್ಕ ಬೆರಳು ಇಳಿಸಿದರು. ಮುಖ ಬೆವತಿತ್ತು. ದನಿ ಮಾತ್ರ ಪಾಠ ಮಾಡುವ ದನಿಯೇ.

“ಕಾರ್ಯದರ್ಶಿ ಹೇಳ್ತಾನೆ, ‘ಸ್ವಾಮಿ, ಇದೇ ಜಾಗಕ್ಕೆ ನೀವು ಕಲ್ಲು ಹಾಕ್ತಿರೋದು ಇದು ಮೂರನೇ ಸಲ.’ ಅದಕ್ಕೆ ಮಂತ್ರಿ, ‘ಹಾಕಿದ್ರೇನಯ್ಯ, ಹೊಳೆ ಏನಾದ್ರೂ ಕಂಪ್ಲೇಂಟ್ ಕೊಟ್ಟಿದ್ಯಾ?’ ಅಂತಾನೆ.”

ಪುಟ್ಟಮಾದಪ್ಪನವರು ನಿಧಾನಕ್ಕೆ ತಿರುಗಿದರು.

“ಮೂರ್ ಸಲವಾ?”

“ಮೂರು ಸಲ ಯಜಮಾನ್ರೇ.”

“ಸರ್ಯಾಗಿ ಕೇಳುಸ್ಕಂಡ್ರಾ?”

“ಕೇಳಿಸ್ಕೊಂಡೆ.”

“ಅಂಗಾರೆ ಅದು ನಾನಲ್ಲ ಬುಡಿ. ನಾನ್ ಆಕಿರದು ಎರಡೇ ಕಲ್ಲು!”

ಮೊದಲು ನಕ್ಕದ್ದು ಬಾಗಿಲ ಬಳಿ ಕೂತಿದ್ದ ಅವರ ಮುದಿ ತಾಯಿ. “ಮೂರ್ನೇದ್ನ ಯಾವಾಗ್ಲಾ ಆಕಿಯೇ, ಮಾದಾ?” ಎಂದಿತು ಆ ಅಜ್ಜಿ. ಇಡೀ ಪಡಸಾಲೆ ಬಿದ್ದುಬಿದ್ದು ನಕ್ಕಿತು. ಪುಟ್ಟಮಾದಪ್ಪನವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ಮನೆಗೆ ಬಂದು ಎರಡು ಲೋಟ ನೀರು ಕುಡಿದು ಗೋಡೆಗೆ ಒರಗಿ ಕೂತರು. “ಅವ್ವನ್ನ ಕರ್ಕೊಂಡು ಎಲ್ಲಿಗೆ ಹೋಗ್ಲೇ ವಿಮಲಾ?” ಎಂದು ಅತ್ತರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಹತ್ತು ದಿನ ಕಳೆದ ಮೇಲೆ ಪಟ್ಟಿ ಬಂತು. ಹೆಡ್‌ಮಾಸ್ಟರು ಓದುತ್ತ ಹೋದರು. ಅಕ್ಕನ ಹೆಸರಿರಲಿಲ್ಲ. ನಂಬಿಕೆಯಾಗದೆ ನಾನೇ ಕಾಗದ ಕಿತ್ತುಕೊಂಡು ಇನ್ನೊಮ್ಮೆ ಓದಿದೆ. ಇರಲಿಲ್ಲ. ಸ್ಟಾಫ್ ರೂಮಿನಲ್ಲೇ ಅಕ್ಕನನ್ನು ತಬ್ಬಿಕೊಂಡೆ.

ಸಂಜೆ ನಾವಿಬ್ಬರೂ ಮನೆಗೆ ಹೋಗುವಾಗ ಪುಟ್ಟಮಾದಪ್ಪನವರು ದಾರಿಯಲ್ಲಿ ಸಿಕ್ಕರು. “ಅವತ್ತು ಟೀವಿ ಮುಗಿದೇಟ್ಗೇ ನಿಮ್ ಆಫೀಸ್ನೋರ್ಗೆ ಫೋನ್ ಮಾಡ್ದೆ ಕಣ್ರವ್ವಾ. ನಮ್ ಮುಂದೇನೇ ಅಂಗೆ ಯೋಳೋರು ಊರಲ್ಲಿ ಒಬ್ರಾದ್ರೂ ಇರ್ಲಿ ಅಂತ.”

“ದೊಡ್ಡ ಉಪಕಾರ ಆಯ್ತು ಯಜಮಾನ್ರೇ. ಹಂಗೇ ಆ ಸೇತುವೆ...” ಎಂದರು ಅಕ್ಕ.

“ಒಂದೊಂದೇ ಬುಡಿ ಮೇಡಮ್ಮೋರೆ!” ಎನ್ನುತ್ತ ಅವರು ಬೇಗಬೇಗ ಹೆಜ್ಜೆ ಹಾಕಿದರು.

ಅಕ್ಕನ ತಾಯಿ ಇನ್ನೂ ನಾಲ್ಕು ವರ್ಷ ಬದುಕಿ, ಅದೇ ಮನೆಯಲ್ಲಿ ಮಗಳ ತೊಡೆಯ ಮೇಲೆ ಕಣ್ಣು ಮುಚ್ಚಿದರು. ನಾನು ಮದುವೆಯಾಗಿ ಹನೂರಿಗೆ ಹೋದೆ. ಅಕ್ಕ ನಿವೃತ್ತರಾಗಿ ಕೊಳ್ಳೇಗಾಲ ಸೇರಿದರು. ಈಗ ಅವರೂ ಇಲ್ಲ. ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮುಂಚೆ, ಪೊರೆ ಬಂದಿದ್ದ ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ, ಅವರನ್ನು ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯಲು ಹೋಗಿದ್ದೆ. ಕಣ್ಣು ಉಳಿಯುವುದೇ ಅನುಮಾನ ಎಂದಿದ್ದರು ಡಾಕ್ಟರು. ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಂದೊಂದೇ ಬಸ್ಸಿನ ಬೋರ್ಡು ಗಟ್ಟಿಯಾಗಿ ಓದಿದರು. ಮಧುವನಹಳ್ಳಿ. ಯಳಂದೂರು. ಬಿಳಿಗಿರಿರಂಗನ ಬೆಟ್ಟ. ಒಂದಕ್ಷರ ತಪ್ಪಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಗಲ್ಲ ಹಿಡಿದು ನೋಡಿದರು.

“ಎಷ್ಟೊಂದು ನರೆತಿದ್ದೀಯಲ್ಲೇ ವಿಮಲಾ! ಇಷ್ಟು ದಿನ ನಂಗೆ ಒಬ್ರೂ ಹೇಳ್ಲೇ ಇಲ್ವಲ್ಲ!”