ಅಕ್ಕನ ಬಲಗಿವಿಯೂ ಭಾವನ ಐದು ಪೆಟ್ಟಿಗೆಗಳೂ

ನಿನ್ನೆ ಕಾಸರಗೋಡಿನ ಒಂದು ಅಂಗಡಿಯಲ್ಲಿ ಪಂಚೆ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿ ಯಾರಿಗೋ ಹೊಸ ಪರದೆ ಬಟ್ಟೆಯನ್ನು ಬಿಚ್ಚಿ ಹಾಸಿದರು ನೋಡಿ, ಆ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ನಿಮಗಾದರೆ ಹೊಸ ಬಟ್ಟೆಯ ವಾಸನೆಗೆ ಮದುವೆಯೋ ಹಬ್ಬವೋ ನೆನಪಾದೀತು. ನನಗೆ ನೆನಪಾಗುವುದು ಸಿನಿಮಾ. ಅದೂ ಕಾರಡ್ಕದಲ್ಲಿ ನನ್ನ ಭಾವ ತಮ್ಮ ಮನೆಯ ಮಾಳಿಗೆಯ ಮೇಲೆ ಕಟ್ಟಿದ ಸಿನಿಮಾ ಕೋಣೆ. ಅಂಗಡಿಯವರು ನನ್ನ ಮುಖ ನೋಡಿ ಪಂಚೆಯ ಅಂಚಿನಲ್ಲಿ ಏನಾದರೂ ಹೆಚ್ಚುಕಮ್ಮಿ ಉಂಟೋ ಎಂದು ಪರೀಕ್ಷಿಸಿದರು ಪಾಪ.

ಭಾವ ಎಂದರೆ ಅಕ್ಕನ ಗಂಡ. ನಮ್ಮಲ್ಲಿ ನಾನು ಅವರನ್ನು ಭಾವ ಎಂದರೆ ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ನಾವಿಬ್ಬರೂ ಜಗಳಕ್ಕೆ ನಿಂತರೆ ಯಾರು ಯಾರಿಗೆ ಬೈದರು ಎಂದು ಹೊರಗಿನವರಿಗೆ ಹೇಳಲು ಬರುವುದಿಲ್ಲ. ಅವರಿಗೆ ಬದಿಯಡ್ಕ ಪೇಟೆಯಲ್ಲಿ ಜವಳಿ ಅಂಗಡಿ. ಅಂಗಡಿಯ ಬಾಗಿಲು ಹಾಕಿದ ಮೇಲೆ ತಾಳಮದ್ದಳೆಯಲ್ಲಿ, ಅಂದರೆ ವೇಷ ಕಟ್ಟದೆ ಕೂತಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರದ ಮಾತಾಡುವ, ಅರ್ಥ ಹೇಳುವ ಹುಚ್ಚು. ಹಗಲು ಗಿರಾಕಿಗಳೊಡನೆ ಮಾತು, ಸಂಜೆ ಎದುರು ಪಾತ್ರದವರೊಡನೆ ಮಾತು. ಬಾಯಿಗೆ ಬಿಡುವು ಕೊಡುವ ಕ್ರಮವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಅಕ್ಕ ಹಾಡು ಕಲಿತವಳು. ಮದುವೆಯಾದಾಗಿನಿಂದ ಸಂಜೆಯ ಕಾಫಿಯಾದ ಮೇಲೆ ಗಂಡ ಹೆಂಡತಿ ಒಟ್ಟಿಗೆ ಕೂತು ಹಾಡು ಕೇಳುವುದು ಆ ಮನೆಯ ಪದ್ಧತಿ. ಒಮ್ಮೆ ಕೆಟ್ಟದೊಂದು ಜ್ವರ ಬಂದು ಅವಳ ಎಡಗಿವಿ ಪೂರ್ತಿ ಕೇಳದಾಯಿತು. ಅಂದಿನಿಂದ ಅವಳು ಹಾಡು ಕೇಳುವುದನ್ನೇ ಬಿಟ್ಟಳು. "ಅರ್ಧ ಊಟ ಮಾಡಿ ಎದ್ದ ಹಾಗೆ ಆಗ್ತದೆ. ಬೇಡ" ಎಂದಳಂತೆ. ಅವಳಿಲ್ಲದೆ ಭಾವನಿಗೂ ಹಾಡು ಹಾಕುವ ಮನಸ್ಸು ಬರಲಿಲ್ಲ.

ನಾಲ್ಕಾರು ವರ್ಷದ ಹಿಂದೆ ಒಂದು ದಿನ ಭಾವ ನನ್ನನ್ನು ಬರಹೇಳಿ ಮಾಳಿಗೆಗೆ ಕರೆದೊಯ್ದರು. ಹಾಸಿಗೆ ದಿಂಬು ತುಂಬಿಟ್ಟಿದ್ದ ಕೋಣೆ ಖಾಲಿಯಾಗಿತ್ತು. ಗೋಡೆಗೆ ದೊಡ್ಡ ಟಿವಿ. ನೆಲದ ಮೇಲೆ ಐದು ಸ್ಪೀಕರು ಪೆಟ್ಟಿಗೆಗಳು, ಜೊತೆಗೆ ಗುಡುಗುವುದಕ್ಕೆಂದೇ ಒಂದು ದಡಿಯ ಪೆಟ್ಟಿಗೆ.

"ಹಾಡೂ ಆಯ್ತು, ಸಿನಿಮಾವೂ ಆಯ್ತು. ಒಂದು ಕಿವಿ ಕೇಳದಿದ್ದರೆ ಎಂತ ಭಾವ, ಐದು ಕಡೆಯಿಂದ ಹಾಡಿಸಿದರೆ ಒಂದಾದರೂ ಹೋಗಿ ಮುಟ್ಟಬೇಕಲ್ಲ?" ಎಂದರು. ಆಮೇಲೆ ಸ್ವರ ತಗ್ಗಿಸಿ, "ಅವಳು ಪುನಃ ನನ್ನೊಟ್ಟಿಗೆ ಕೂರಬೇಕು. ನನಗೆ ಅಷ್ಟೇ ಬೇಕಾದ್ದು" ಎಂದರು.

ಈ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವ ಮನಸ್ಸು ಯಾರಿಗೆ ಬಂದೀತು ಹೇಳಿ. ನನಗಂತೂ ಬರಲಿಲ್ಲ. ಪಂಚೆ ಎತ್ತಿ ಕಟ್ಟಿದೆ.

ಮೊದಲ ಜೋಡಣೆ ಪೂರ್ತಿ ಭಾವನದು. ಟಿವಿಯ ಕೆಳಗೆ ನಡುವೆ ಒಂದು ಪೆಟ್ಟಿಗೆ. ಅದರ ಎದುರಿನ ಜಾಗದಲ್ಲಿ ಈ ಬದಿಗೆ ಎರಡು, ಆ ಬದಿಗೆ ಎರಡು, ಒಂದರ ಮುಖ ಇನ್ನೊಂದಕ್ಕೆ. ಗುಡುಗುವ ಪೆಟ್ಟಿಗೆ ನಡುವಿನದರ ಪಕ್ಕ. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ನಾನು ತಲೆ ಕೆರೆದುಕೊಂಡೆ.

"ಇದೆಂತ ಕ್ರಮ ಭಾವ?"

"ನಡುವೆ ಹಾಡುವ ಭಾಗವತರು, ಪಕ್ಕಕ್ಕೆ ಚೆಂಡೆ, ಎದುರುಬದುರು ಅರ್ಥದವರು. ನೂರಾರು ಜನ ಕೂತು ಕೇಳುವ ತಾಳಮದ್ದಳೆಗೆ ಈ ಕ್ರಮ ಸಾಕಾಗ್ತದೆ, ಇಬ್ಬರಿಗೆ ಸಾಕಾಗುವುದಿಲ್ಲವಾ?"

ಹಾಕಿದ್ದು ಹೊಡೆದಾಟದ ಸಿನಿಮಾ. ಬಲಗಡೆಯ ಪೆಟ್ಟಿಗೆ ಗುಂಡು ಹಾರಿಸಿದರೆ ಎಡಗಡೆಯದು ಎದುರಿನಿಂದಲೇ ಕಾರು ಓಡಿಸಿತು. ನಾವಿಬ್ಬರೂ ಮಧ್ಯದಲ್ಲಿ, ಬಿಡಿಸಲು ಹೋಗಿ ಪೆಟ್ಟು ತಿಂದವರಂತೆ ಕೂತೆವು. ಗುಡುಗುವ ಪೆಟ್ಟಿಗೆಯ ಪ್ರತಾಪಕ್ಕೆ ಕೆಳಗೆ ಅಡುಗೆಮನೆಯ ತಟ್ಟೆಗಳೆಲ್ಲ ಕುಣಿದವು. ನೆರೆಮನೆಯ ಸುಬ್ಬಣ್ಣಣ್ಣ ಗೇಟಿನ ಹೊರಗೆ ನಿಂತು, "ಕಲ್ಲು ಒಡೆಯುವ ಕೋರೆಯಲ್ಲಿ ಇವತ್ತು ಆದಿತ್ಯವಾರವೂ ಕೆಲಸ ಉಂಟಾ?" ಎಂದು ಅಕ್ಕನನ್ನು ವಿಚಾರಿಸಿದರು. ಅಕ್ಕ ಮೇಲೆ ನೋಡಿ, "ಕೋರೆಯದ್ದಲ್ಲ, ನಮ್ಮದೇ" ಎಂದಳು.

ಆಮೇಲೆ ನನ್ನ ಸರದಿ. ನಾನು ಫೋನಿನಲ್ಲಿ ವಿಡಿಯೋಗಳನ್ನು ನೋಡಿ ಒಂದೇ ವಾರದಲ್ಲಿ ದೊಡ್ಡ ಪಂಡಿತನಾಗಿದ್ದೆ. ಎದುರಿನ ಎರಡು ಪೆಟ್ಟಿಗೆಗಳೂ ಕೂರುವ ಜಾಗವೂ ಸೇರಿ ಸಮತ್ರಿಕೋನ ಆಗಬೇಕು, ಪೆಟ್ಟಿಗೆಯ ಬಾಯಿ ಕಿವಿಯ ಎತ್ತರಕ್ಕೆ ಬರಬೇಕು, ಇನ್ನೆರಡು ಬೆನ್ನ ಹಿಂದೆ ಹೋಗಬೇಕು ಎಂದು ಅಪ್ಪಣೆ ಕೊಡಿಸಿದೆ. ಭಾವ ಅಂಗಡಿಯಿಂದ ಬಟ್ಟೆ ಅಳೆಯುವ ಕಬ್ಬಿಣದ ಕೋಲು ತಂದರು. ಅಳೆಯುವಾಗ ಅಭ್ಯಾಸಬಲದಿಂದ ಪ್ರತಿ ಸಲ ಕೊನೆಗೆ ನಾಲ್ಕು ಬೆರಳು ಹೆಚ್ಚು ಬಿಡುತ್ತಿದ್ದರು. ಗಿರಾಕಿಗೆ ಅದರಿಂದ ಸಂತೋಷವಾಗಬಹುದು, ತ್ರಿಕೋನಕ್ಕೆ ಆಗುವುದಿಲ್ಲ. ಕೋಣೆ ಪ್ರತಿಧ್ವನಿಸುತ್ತದೆ ಎಂದೆ. ಮಾರನೆಯ ದಿನ ಮಾರಾಟವಾಗದೆ ಉಳಿದ ಪರದೆ ಬಟ್ಟೆಯೆಲ್ಲ ಗೋಡೆಗೆ ಬಂತು. ಮೂರು ಗೋಡೆಯ ತುಂಬ ಹಸಿರು ಗಿಳಿಗಳು, ಕೋಣೆಯ ತುಂಬ ಹೊಸ ಗಂಜಿಯ ವಾಸನೆ. ಆ ಗಿಳಿಗಳನ್ನು ಯಾರೂ ಯಾಕೆ ಕೊಳ್ಳಲಿಲ್ಲ ಎನ್ನುವುದು ನೋಡಿದೊಡನೆ ತಿಳಿಯುತ್ತಿತ್ತು.

ಆದರೆ ಹಾಡು ಹಾಕಿದರೆ, ಹೇಗೆ ಹೇಳಲಿ ನಿಮಗೆ, ಹಾಡುವವರು ಎರಡು ಪೆಟ್ಟಿಗೆಗಳ ನಡುವೆ ಗಾಳಿಯಲ್ಲೇ ಬಂದು ಕೂತರು. ಭಾವ ನನ್ನನ್ನು ತಬ್ಬಿಕೊಂಡರು. ಇಬ್ಬರೂ ಕುಣಿದದ್ದೊಂದು ಬಾಕಿ. ಅಕ್ಕನನ್ನು ಕರೆತಂದು ಸರಿಯಾದ ಜಾಗದಲ್ಲಿ, ಬೆರಳಗಲವೂ ಆಚೀಚೆ ಆಗದ ಹಾಗೆ ಕೂರಿಸಿದೆವು. ಹಾಡು ಮುಗಿಯಿತು. "ಚಂದ ಉಂಟು" ಎಂದಳು. ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ಎದ್ದು ಹೋದಳು.

ಹಾಲು ಇಟ್ಟಿರಲಿಲ್ಲ. ಭಾವ ಗಿಳಿಗಳನ್ನು ನೋಡುತ್ತಾ ಕೂತರು. ಮಾತಾಡದ ಭಾವನನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ನಿಜಕ್ಕೂ ಹೆದರಿಕೆಯಾಯಿತು. ಗಾಳಿಯಲ್ಲಿ ಹಾಡುವವರನ್ನು ಕೂರಿಸಲು ಎರಡು ಕಿವಿ ಬೇಕು ಎನ್ನುವುದು ಆಗಷ್ಟೇ ನಮ್ಮ ತಲೆಗೆ ಹೋಗಿತ್ತು.

ಸ್ವಲ್ಪ ಹೊತ್ತಿಗೆ ಭಾವ ಎದ್ದು ಮೆಟ್ಟಿಲ ತುದಿಯಲ್ಲಿ ನಿಂತು ಕೂಗಿದರು: "ಎಲ್ಲಿ ಇಟ್ಟರೆ ನಿನಗೆ ಕೇಳ್ತದೆ, ನೀನೇ ಬಂದು ಹೇಳು ಮಾರಾಯ್ತಿ."

ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದಳು. "ಈಗ ಕೇಳಿದಿರಾ? ಇಬ್ಬರಿಗೂ ಬುದ್ಧಿ ಬಂತು" ಎಂದಳು. ಮತ್ತೆ ನೋಡಬೇಕಿತ್ತು ಅವಳ ದರ್ಬಾರು. ಕುರ್ಚಿಯನ್ನು ನಮ್ಮ ತ್ರಿಕೋನದಿಂದ ಎಳೆದು ಕಿಟಕಿಯ ಮೂಲೆಗೆ ಹಾಕಿಸಿದಳು. ಎರಡು ಪೆಟ್ಟಿಗೆಯ ಹಾಡನ್ನೂ ಒಂದಕ್ಕೇ ಸೇರಿಸಲು ಬರುತ್ತದೋ ಎಂದು ಕೇಳಿದಳು. ಬರುತ್ತದೆ, ರಿಮೋಟಿನಲ್ಲಿ ಅದಕ್ಕೊಂದು ಗುಂಡಿಯೇ ಇತ್ತು. ಆ ಒಂದನ್ನು ಸ್ಟೂಲಿನ ಮೇಲೇರಿಸಿ ಬಲಕ್ಕೆ ತರಿಸಿದಳು. ಕಣ್ಣು ಮುಚ್ಚಿಕೊಂಡು, "ಮುಂದೆ ತನ್ನಿ. ಅಷ್ಟು ಬೇಡ. ಹಾಂ, ತಿರುಗಿಸಿ" ಎನ್ನುತ್ತಾ ನಮ್ಮಿಬ್ಬರ ಬೆವರಿಳಿಸಿದಳು. ಉಳಿದ ಪೆಟ್ಟಿಗೆಗಳಿಗೆಲ್ಲ ಬಾಯಿ ಮುಚ್ಚುವ ಶಿಕ್ಷೆಯಾಯಿತು.

"ಇನ್ನು ನೀವು ನನ್ನ ಎಡಗಡೆ ಕೂತುಕೊಳ್ಳಿ" ಎಂದಳು ಭಾವನಿಗೆ.

"ಆ ಕಿವಿ ಕೇಳುವುದಿಲ್ಲವಲ್ಲ?"

"ಅದಕ್ಕೇ ಹೇಳಿದ್ದು. ಹಾಡಿನ ನಡುವೆ ನೀವು ಮಾತಾಡ್ತೀರಿ. ಎಷ್ಟು ಬೇಕಾದರೂ ಮಾತಾಡಿ ಈಗ."

ನಾನು ನಕ್ಕು ನಕ್ಕು ಗಿಳಿಗಳ ಮೇಲೆ ಒರಗಿಬಿಟ್ಟೆ. ಭಾವನಿಗೆ ಅವಮಾನವಾಯಿತೆಂದು ತಿಳಿಯಬೇಡಿ. ಕೃತಾರ್ಥರಾದವರ ಹಾಗೆ ಹೋಗಿ ಎಡಗಡೆ ಕೂತು ಅಲ್ಲೇ ಮಾತು ಶುರು ಮಾಡಿದರು. ಅಕ್ಕ ಈ ಸಲ ಹಾಡು ಮುಗಿದರೂ ಏಳಲಿಲ್ಲ.

ಇದೆಲ್ಲ ನೆನಪಾದ ಮೇಲೆ ಮನೆಗೆ ಹೋಗುವುದು ಹೇಗೆ? ಪಂಚೆಯ ಕಟ್ಟು ಕಂಕುಳಲ್ಲಿಟ್ಟುಕೊಂಡು ನೇರ ಕಾರಡ್ಕದ ಬಸ್ಸು ಹತ್ತಿದೆ. ಮಾಳಿಗೆಯಲ್ಲಿ ಹಾಡು ನಡೆಯುತ್ತಿತ್ತು. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ, ಬಾಗಿಲಲ್ಲೇ ನಿಂತೆ. ಅಕ್ಕ ಕಣ್ಣು ಮುಚ್ಚಿ ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿದ್ದಳು. ಭಾವ ಪಕ್ಕದಲ್ಲಿ ಅಂಗಡಿಯ ಸುದ್ದಿ, ಮಳೆಯ ಸುದ್ದಿ, ಯಾರದೋ ಅರ್ಥದ ಸುದ್ದಿ ಎಲ್ಲ ಹೇಳಿ ಮುಗಿಸಿ, ಟಿವಿಯನ್ನೇ ನೋಡುತ್ತಾ ಮೆಲ್ಲಗೆ ಅಂದರು: "ನೀನು ಬಾರದಿದ್ದರೆ ಈ ಕೋಣೆಗೆ ನಾನು ಬೀಗ ಹಾಕುತ್ತಿದ್ದೆ. ಹೇಳಬೇಕು ಅಂತ ಎಷ್ಟು ದಿನದಿಂದ ಇತ್ತು."

ಸಲಹೆಯೊಂದು ನನ್ನ ಬಾಯಿ ತುದಿಯಲ್ಲಿತ್ತು: ಬಲಗಡೆ ಹೋಗಿ ಹೇಳಿ ಭಾವ, ಎಂದು. ಪಂಡಿತನ ಚಟ ಬಿಡುವುದುಂಟೇ. ಅಷ್ಟರಲ್ಲಿ ಅಕ್ಕ ಕಣ್ಣು ತೆರೆಯದೆ ಎಡಗೈಯನ್ನು ಕುರ್ಚಿಯಿಂದೆತ್ತಿ ಭಾವನ ಮೊಣಕಾಲಿನ ಮೇಲಿಟ್ಟಳು. ತಾಳ ಅಲ್ಲಿ ಮುಂದುವರಿಯಿತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದಂತೆ ಮೆಟ್ಟಿಲಿಳಿದೆ.